ಎಪ್ಪತ್ತು ಅಡಿ ಮೇಲೆ ಒಂದು ಹೆಸರು

ಕಬ್ಬಿಣದ ಸರಳು ತೊಡೆಯ ಮೇಲೆ ಬಂದು ಕೂತಿದೆ. ಖಟ್ ಅಂದದ್ದು ಕೇಳಿತಲ್ಲ, ಇನ್ನು ಇಳಿಯುವಂತಿಲ್ಲ. ಸರಳಿಗೆ ಸುತ್ತಿದ ಮೆತ್ತೆ ನನಗಿಂತ ಮೊದಲು ಕೂತವರ ಅಂಗೈ ಬೆವರಿಗೆ ಇನ್ನೂ ಬೆಚ್ಚಗಿದೆ. ಎಡಗಡೆ ಮೊಮ್ಮಗಳು, ಎಂಟು ವರ್ಷ, ನೆಲಕ್ಕೆ ತಾಗದ ಕಾಲುಗಳನ್ನು ಆಡಿಸುತ್ತಿದ್ದಾಳೆ. ನೀವು ನಮ್ಮ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಕನ್ನಡಕವಿದ್ದರೆ ತೆಗೆದು ಜೇಬಿಗೆ ಹಾಕಿ, ನಾನೂ ಹಾಕಿದ್ದೇನೆ. ಅದಿಲ್ಲದೆ ಹತ್ತಿರವಿರುವುದೆಲ್ಲ ಕಲಸಿದ ಬಣ್ಣ. ಸ್ವಲ್ಪ ಮುಂದೆ ಒಂದು ಕಪ್ಪು ಬಾಯಿ ಮಾತ್ರ ಸ್ಪಷ್ಟವಾಗಿ ಕಾಣುತ್ತಿದೆ. ಗಾಡಿ ಅದರೊಳಗೆ ಹೋಗುತ್ತದಂತೆ.

ಉಸಿರು ಎಳೆದುಕೊಂಡು ನೋಡಿ. ಉಪ್ಪುಗಾಳಿ, ಎಣ್ಣೆಯಲ್ಲಿ ಕರಿದ ಹಿಟ್ಟು, ಕರಗಿದ ಸಕ್ಕರೆ, ಎಲ್ಲದರ ಅಡಿಗೆ ಗ್ರೀಸಿನ ವಾಸನೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಊರಿನ ಬೋರ್ಡ್‌ವಾಕ್ ಇದು. ಕಡಲ ಮರಳಿಗೆ ಅಂಟಿಕೊಂಡೇ 1907ರಿಂದ ನಡೆಯುತ್ತಿರುವ, ವರ್ಷವಿಡೀ ಮುಗಿಯದ ಜಾತ್ರೆ. ನಾವು ಕೂತಿರುವ ರೋಲರ್ ಕೋಸ್ಟರಿನ ಹೆಸರು ಜೈಂಟ್ ಡಿಪ್ಪರ್. ಇಡೀ ಕಟ್ಟು ಮರದ್ದು. 1924ರಲ್ಲಿ ಆರ್ಥರ್ ಲೂಫ್ ಎಂಬವರು 50 ಸಾವಿರ ಡಾಲರ್ ಖರ್ಚಿನಲ್ಲಿ, 47 ದಿನಗಳಲ್ಲಿ ಎಬ್ಬಿಸಿ ನಿಲ್ಲಿಸಿದ್ದಂತೆ. ಬೆಳಗ್ಗೆ ಕಾರಿನಲ್ಲಿ ಅಳಿಯ ಇದನ್ನು ಹೇಳುವಾಗ ಚೆನ್ನಾಗಿ ಕೇಳಿಸಿತ್ತು. ಈಗ ಸರಳಿನ ಅಡಿಯಲ್ಲಿ ಕೂತಾಗ ಅದರಲ್ಲಿ ಒಂದೇ ಮಾತು ಉಳಿದಿದೆ: ನೂರು ವರ್ಷದ ಮರ.

ಹತ್ತಲೇಬೇಕೆಂದು ಯಾರೂ ಹೇಳಿರಲಿಲ್ಲ. ಹತ್ತು ನಿಮಿಷದ ಹಿಂದೆ ಸಾಲಿನ ಬಾಗಿಲಲ್ಲಿ ಹುಡುಗಿಯನ್ನು ಅಳತೆಗೋಲಿಗೆ ನಿಲ್ಲಿಸಿದ್ದರು. 50 ಅಂಗುಲ ಇರಬೇಕು. ಎರಡು ವರ್ಷದಿಂದ ಈ ಕೋಲಿಗೆ ಸೋತು ವಾಪಸು ಹೋಗುತ್ತಿದ್ದವಳು ಇವತ್ತು ಒಂದು ಕೂದಲೆಳೆಯಷ್ಟು ಗೆದ್ದಳು. ಗೆದ್ದು ಹಿಂದೆ ತಿರುಗಿ ನೋಡಿದರೆ ಜೊತೆಗೆ ಬರುವವರಿಲ್ಲ. ಅವಳ ಅಮ್ಮನ ಎದೆಗೆ ನಾಲ್ಕು ತಿಂಗಳ ತಮ್ಮ ಅಂಟಿಕೊಂಡಿದ್ದಾನೆ. ಬಾಣಂತನಕ್ಕೆಂದೇ ನಾನು ಶಿರಸಿಯಿಂದ ಬಂದದ್ದು. ಅಪ್ಪನಿಗೆ ಬೆನ್ನಿನ ಡಿಸ್ಕ್ ಜಾರಿದೆ. ಹೃದ್ರೋಗ, ಬೆನ್ನು, ಕುತ್ತಿಗೆ ತೊಂದರೆ ಇರುವವರು, ಬಸುರಿಯರು ಹತ್ತಬಾರದೆಂದು ಬಾಗಿಲಲ್ಲೇ ಬರೆದಿದೆ. ಹುಡುಗಿ ಅಳಲಿಲ್ಲ. ಕೆಳತುಟಿ ಒಳಗೆಳೆದುಕೊಂಡು ನೆಲ ನೋಡಿದಳು. ಆ ತುಟಿ ನನಗೆ ಗೊತ್ತು. ಒಂದೂವರೆ ವರ್ಷದಿಂದ ಕನ್ನಡಿಯಲ್ಲಿ ನೋಡುತ್ತಿದ್ದೇನೆ.

"ನಾನು ಹೋಗ್ತಿ" ಅಂದುಬಿಟ್ಟೆ.

"ಆಯಿ, ಬೇಡ. ನಿಂಗೆ ಮಂಡಿ ನೋವು ಇದ್ದು" ಎಂದಳು ಮಗಳು.

ಮಂಡಿಯ ಮಾತು ಆ ಫಲಕದಲ್ಲಿ ಇರಲಿಲ್ಲ.

ಗಾಡಿ ಅಲುಗಿತು. ಸರಪಳಿಯಿಲ್ಲ, ಇಂಜಿನ್ನಿಲ್ಲ, ಇಳಿಜಾರಿಗೆ ತಾನೇ ಹೊರಳಿಕೊಂಡಂತೆ ಬಲಕ್ಕೆ ಜಾರುತ್ತದೆ. ಬೆಳಕು ಹೋಯಿತು. ಪೂರ್ತಿ ಕತ್ತಲೆ, ತೇವದ ಮರದ ವಾಸನೆ, ಕಿವಿಗೆ ರಪ್ಪನೆ ಬಡಿಯುವ ಚಕ್ರದ ಸದ್ದು. ಎಡಕ್ಕೆ ವಾಲುತ್ತೇವೆ, ಕೆಳಗೆ ಬೀಳುತ್ತೇವೆ, ಮೇಲೆ ಏಳುತ್ತೇವೆ, ಯಾವುದು ಯಾವಾಗ ಎಂದು ಮೈಗೆ ಮಾತ್ರ ತಿಳಿಯುತ್ತದೆ. ಸುರಂಗ ಹೀಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕತ್ತಲೆಯಲ್ಲಿ ಕಣ್ಣು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಆದರೂ ನಾನು ಮುಚ್ಚಿದ್ದೇನೆ, ಮುಚ್ಚಿದ ಕೂಡಲೇ ಆಸ್ಪತ್ರೆಯ ಉದ್ದ ಓಣಿ ಬಂದು ನಿಲ್ಲುತ್ತದೆ. ಗೋಡೆಗೆ ಒರಗಿ ನಿಂತ ನಾನು, ಒಳಗಿನಿಂದ ಬಂದ ನರ್ಸು, ಅವಳು ಬಾಯಿ ತೆರೆಯುವ ಮೊದಲೇ ನನಗೆ ತಿಳಿದದ್ದು.

ನಮ್ಮನೆಯವರು ಹೋದದ್ದು ಹಾಗೆ. ಬೆಳಗ್ಗೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಜೊತೆ ತೋಟಕ್ಕೆ ಹೋದವರು ಎದೆ ಹಿಡಿದುಕೊಂಡು ಬಂದರು, ಸಂಜೆಯೊಳಗೆ ಇರಲಿಲ್ಲ. ಮಗಳು ಇಲ್ಲಿಂದ ಫೋನಿನಲ್ಲಿ ಬಿಕ್ಕುತ್ತಿದ್ದಳು. ಮೂರನೇ ದಿನ ಅವಳು ಬಂದು ತಲುಪುವವರೆಗೂ ಅವಳಿಗೆ ಧೈರ್ಯ ಹೇಳಿದವಳು ನಾನು. ಆಮೇಲೆ ಮನೆ ತುಂಬ ಜನ. ಅವರಿಗೆಲ್ಲ ಊಟ, ಕಾಫಿ, ಚಾಪೆ, ಹೊದಿಕೆ. ಹದಿಮೂರು ದಿನ ಮುಗಿದ ಮೇಲೆ ಅಳೋಣವೆಂದುಕೊಂಡೆ. ಆಗ ಕೊನೆಕೊಯ್ಲು ಬಂತು. ಅದು ಮುಗಿಯುವಷ್ಟರಲ್ಲಿ ಅಳುವುದಕ್ಕೆ ಬಾಯಿ ಮರೆತುಹೋಗಿತ್ತು. ದಿನಾ ಬೆಳಗ್ಗೆ ಏಳುವಾಗ ದವಡೆ ನೋಯುತ್ತದೆ. ರಾತ್ರಿಯಿಡೀ ಹಲ್ಲು ಕಚ್ಚಿರುತ್ತೇನಂತೆ.

ಬೆಳಕು ಬಂತು. ಕಣ್ಣು ತೆರೆಯಿರಿ. ಎದುರಿಗೆ ಕೆಂಪು ಹಳಿ, ಬಿಳಿ ಮರದ ತೊಲೆಗಳು, ಆಕಾಶಕ್ಕೆ ಒರಗಿಸಿಟ್ಟ ಏಣಿಯಂಥ ಏರು. ಗಾಡಿಯ ಹೊಟ್ಟೆಗೆ ಏನೋ ಕಚ್ಚಿಕೊಂಡಿತು. ಟಕ್, ಟಕ್, ಟಕ್, ಟಕ್. ಸರಪಳಿ ಮೇಲೆಳೆಯುತ್ತಿದೆ. ಟಕ್ ಎನ್ನುವುದು ಗಾಡಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬೀಳುವ ಕೊಕ್ಕೆಯ ಸದ್ದು. ನಮ್ಮ ಬಾವಿಯ ರಾಟೆಗೂ ಹೀಗೇ ಒಂದು ಲಯವಿತ್ತು, ಕೊಡ ತುಂಬಿ ಬರುವಾಗ. ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತಿದೆ, ತಲೆ ಹಿಂದಕ್ಕೆ ಜೋಲುತ್ತಿದೆ, ಗಾಳಿ ಇದ್ದಕ್ಕಿದ್ದಂತೆ ತಣ್ಣಗಾಗಿದೆ. ಮಗಳ ಸ್ವೆಟರಿನ ತೋಳೊಳಗೆ ಕೂದಲು ನಿಮಿರಿವೆ.

"ಹೆದ್ರಡ ಅಮ್ಮಮ್ಮ" ಅಂತಾಳೆ ಹುಡುಗಿ. ಅವಳಿಗೆ ಬರುವ ನಮ್ಮ ಮಾತು ಕೈಬೆರಳೆಣಿಕೆಯಷ್ಟು. ಅದರಲ್ಲಿ ಈ ಮಾತನ್ನು ನಾನೇ ಕಲಿಸಿದ್ದು, ಅವಳು ರಾತ್ರಿ ದೀಪ ಆರಿಸಲು ಹೆದರುತ್ತಿದ್ದಾಗ.

ಬಲಕ್ಕೆ ನೋಡಿ. ಜೂನ್ ತಿಂಗಳ ಮಂಜು ಈಗಷ್ಟೇ ಎದ್ದು ಹೋಗಿ ಕಡಲು ಬಯಲಾಗಿದೆ. ಶಾಂತ ಸಾಗರದ ಮಾಂಟೆರೆ ಕೊಲ್ಲಿ. ಮರದ ಕಂಬಗಳ ಮೇಲೆ ಸುಮಾರು ಅರ್ಧ ಮೈಲಿ ನೀರಿನೊಳಗೆ ಚಾಚಿಕೊಂಡ ಕಟ್ಟೆ, ಅದರ ಅಡಿಯ ತೊಲೆಗಳ ಮೇಲೆ ಮಲಗಿ ಬೊಗಳುವ ಕಡಲಸಿಂಹಗಳು. ಇಲ್ಲಿಗೂ ಕೇಳುತ್ತಿದೆ ನೋಡಿ, ನೆಗಡಿಯಾದ ನಾಯಿಯಂಥ ಸ್ವರ. ಈಚೆಗೆ ಸಾನ್ ಲೊರೆಂಜೊ ನದಿ ಬಂದು ಕಡಲು ಸೇರುತ್ತದೆ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಕುಮಟೆಯ ಹತ್ತಿರ ಕಡಲಿಗೆ ಬೀಳುವುದನ್ನು ಅವರ ಜೊತೆ ಎಷ್ಟೋ ಸಲ ನೋಡಿದ್ದೆ. ಬೆಳಗ್ಗೆ ಮಗಳ ಮನೆಯಿರುವ ಫ್ರೀಮಾಂಟಿನಿಂದ ಬರುವಾಗ 17ನೇ ಹೆದ್ದಾರಿ ಬೆಟ್ಟ ಹತ್ತಿ ತಿರುವು ತಿರುವಾಗಿ ಇಳಿಯಿತು. ಎರಡೂ ಕಡೆ ಕಾಡು, ಕಾಡು ಮುಗಿಯುತ್ತಿದ್ದಂತೆ ಉಪ್ಪುಗಾಳಿ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋದ ಹಾಗೇ ಆಯಿತು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ, ಹಿಂದಿನ ಸೀಟಿನಲ್ಲಿ, ಯಾರಿಗೂ ಏನೂ ಹೇಳದೆ.

ಟಕ್, ಟಕ್, ಟಕ್.

ಎಪ್ಪತ್ತು ಅಡಿ. ನಮ್ಮ ತೋಟದ ಅತಿ ಎತ್ತರದ ಅಡಿಕೆಮರಕ್ಕಿಂತ ಎತ್ತರ. ಅವರು ಇದ್ದಿದ್ದರೆ ಕೆಳಗೇ ನಿಲ್ಲುತ್ತಿದ್ದರು. ಎತ್ತರವೆಂದರೆ ಅವರಿಗೆ ಆಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಶಿರಸಿಯ ಮಾರಿಜಾತ್ರೆಯಲ್ಲಿ ನನ್ನ ಒತ್ತಾಯಕ್ಕೆ ಒಂದೇ ಒಂದು ಸಲ ತೊಟ್ಟಿಲು ಹತ್ತಿದ್ದರು. ತೊಟ್ಟಿಲು ತುದಿಗೆ ಹೋಗಿ ನಿಂತಾಗ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಎರಡು ಗಾಜಿನ ಬಳೆ ಒಡೆದವು. ಕೆಳಗಿಳಿದು, ಬಿಳಿಚಿಕೊಂಡ ಮುಖದಲ್ಲಿ ನಕ್ಕು, ಹೊಸ ಬಳೆ ಕೊಡಿಸಿದರು. ಇನ್ನು ಮೇಲೆ ಇದೊಂದು ಬೇಡ ಅಂದರು. ನಾನೂ ಬೇಡವೆಂದೇ ಬಿಟ್ಟೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು. ಪ್ರತಿ ಸಲ ತಾಯಿಯ ದರ್ಶನ ಮಾಡಿ, ಪಾತ್ರೆ ಅಂಗಡಿ ಮುಗಿಸಿ ಬರುವಾಗ ದೀಪ ಹಾಕಿಕೊಂಡು ತಿರುಗುವ ತೊಟ್ಟಿಲನ್ನು ಕತ್ತೆತ್ತಿ ನೋಡುತ್ತಿದ್ದೆ. ಅವರು ಕಾಯುತ್ತಿದ್ದರು. ಮತ್ತೆ ನಡೆಯುತ್ತಿದ್ದೆವು. ಅದರಲ್ಲಿ ನನಗೇನೂ ಬೇಸರವಿರಲಿಲ್ಲ. ಆದರೆ ಇಷ್ಟ ಇತ್ತು, ಅದನ್ನು ಈಗಲಾದರೂ ಹೇಳಬೇಕು. ನನಗೆ ತೊಟ್ಟಿಲು ಬಹಳ ಇಷ್ಟವಾಗಿತ್ತು.

ಅವರಿಗೆ ಆಗದ್ದನ್ನು, ಅವರಿಲ್ಲದಾಗ, ನಗುತ್ತ ಮಾಡಬಹುದೇ? ವರ್ಷಾಂತ ಮುಗಿದಿದೆ, ಶಾಸ್ತ್ರದ ಲೆಕ್ಕ ತೀರಿದೆ. ಆದರೂ ಫ್ರೀಮಾಂಟಿನ ಎಲಿಜಬೆತ್ ಕೆರೆಯ ದಂಡೆಯಲ್ಲಿ ವಾಕಿಂಗಿಗೆ ಸಿಗುವ ನಮ್ಮ ಕಡೆಯ ಹೆಂಗಸರು ಏನಾದರೂ ಹೇಳಿ ನಗಿಸಿದರೆ ನಾನು ಸೆರಗು ಬಾಯಿಗೆ ಒತ್ತಿಕೊಳ್ಳುತ್ತೇನೆ. ನಕ್ಕರೆ ಅವರು ಇನ್ನಷ್ಟು ದೂರ ಹೋಗಿಬಿಡುತ್ತಾರೇನೋ ಎಂಬ ಹೆದರಿಕೆ. ಅದು ಎಂಥ ಹೆದರಿಕೆ ಎಂದು ಕಳೆದುಕೊಂಡವರಿಗೆ ಗೊತ್ತು.

ಟಕ್.

ಸದ್ದು ನಿಂತಿತು.

ಎಲ್ಲವೂ ನಿಂತಿತು. ಗಾಡಿಯ ಮುಂದಿನ ಸಾಲುಗಳು ಅಂಚು ದಾಟಿ ಕಾಣೆಯಾಗುತ್ತಿವೆ, ಒಂದಾದ ಮೇಲೊಂದು. ಕೈ ಹುಡುಗಿಯ ಕೈಯನ್ನು ಹುಡುಕುತ್ತದೆ, ಸಿಗುವುದಿಲ್ಲ. ಅವಳ ಎರಡೂ ಕೈ ಆಕಾಶದಲ್ಲಿವೆ. 1989ರ ಭೂಕಂಪದಲ್ಲಿ ಈ ಊರಿನ ಪೇಟೆಯ ಕಟ್ಟಡಗಳು ಬಿದ್ದರೂ ಇದು ನಿಂತಿತ್ತಂತೆ, ನಿಂತಿತ್ತಂತೆ, ಅಳಿಯನ ಆ ಮಾತೊಂದನ್ನೇ ಹಿಡಿದುಕೊಂಡಿದ್ದೇನೆ. ಹಿಂದಿನಿಂದ ನೀವು ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾನೂ ಎಳೆದೆ.

ನೆಲ ಹೋಯಿತು.

ಸೀಟು ನನ್ನನ್ನು ಬಿಟ್ಟು ಮೊದಲೇ ಬಿದ್ದಿತು. ಮೈ ಮೇಲೇ ಉಳಿಯಿತು. ತೊಡೆಗೆ ಸರಳು ಬಡಿಯಿತು. ಹೊಟ್ಟೆ ಎದೆಗೆ, ಎದೆ ಗಂಟಲಿಗೆ. ಗಾಳಿ ಮುಖಕ್ಕೆ ಹೊಡೆಯುತ್ತಿದೆ, ಕಣ್ಣಿನ ನೀರು ಕಿವಿಯ ಕಡೆಗೆ ಹರಿಯುತ್ತಿದೆ. ಹಲ್ಲು ಬಿಗಿದಿದ್ದೇನೆ. ಬಿಗಿದಿದ್ದೇನೆ. ಬಿಗಿಯಲಾಗುತ್ತಿಲ್ಲ. ದವಡೆ ತಾನಾಗಿ ತೆರೆಯಿತು, ಒಂದೂವರೆ ವರ್ಷದಿಂದ ಮುಚ್ಚಿದ್ದ ಬಾಗಿಲು, ಕೀಲು ಮುರಿದಂತೆ. ಒಳಗಿನಿಂದ ಏನೋ ಬಂತು. ಕೂಗು. ನನ್ನದೇ. ಉದ್ದ. ಕೆಳಗೆ ತಲುಪುವ ಮೊದಲೇ ಗಾಡಿ ಎದ್ದು ತಿರುವಿಗೆ ಬಿದ್ದಿತು, ನಾನು ಹುಡುಗಿಯ ಮೇಲೆ, ಅವಳು ಗೋಡೆಯ ಮೇಲೆ. ಗಂಟೆಗೆ 55 ಮೈಲಿ ವೇಗ. ಮರದ ಕಟ್ಟು ಮೈ ಕೊಡವಿ ನಡುಗುತ್ತಿದೆ, ಆ ನಡುಕ ಬೆನ್ನುಹುರಿಯಲ್ಲಿ ಹತ್ತಿ ತಲೆಬುರುಡೆಗೆ ಬಂದಿದೆ. ಮತ್ತೆ ಏರು, ಮತ್ತೆ ಇಳಿತ, ಮತ್ತೆ ಸೀಟು ಇಲ್ಲ. ಮತ್ತೆ ಕೂಗಿದೆ. ಈ ಸಲ ಅದರಲ್ಲಿ ಅಕ್ಷರಗಳಿದ್ದವು. ಬಿಳಿ ತೊಲೆ, ನೀಲಿ, ಬಿಳಿ ತೊಲೆ, ನೀಲಿ, ಯಾರದೋ ಟೋಪಿ ಹಾರಿತು, ತಲೆಗೆ ತಾಗುವಷ್ಟು ಹತ್ತಿರ ಒಂದು ಅಡ್ಡಪಟ್ಟಿ ಬಂತು, ತಲೆ ತಗ್ಗಿಸಿದೆ, ಅದು ಹೋಯಿತು, ಇಳಿತ, ತಿರುವು, ಕೂಗು, ಇಳಿತ. ಮೂರನೆಯದೋ ನಾಲ್ಕನೆಯದೋ ಇಳಿತದಲ್ಲಿ ಕೂಗಿನ ಒಳಗೇ ಏನೋ ಬದಲಾಯಿತು. ಅದು ಅಲ್ಲಲ್ಲಿ ಮುರಿಯತೊಡಗಿತು. ನನಗೆ ಗೊತ್ತಾಗಲು ಹೊತ್ತು ಹಿಡಿಯಿತು. ನಾನು ನಗುತ್ತಿದ್ದೆ.

ಬ್ರೇಕು. ಮೈ ಮುಂದಕ್ಕೆ ಎಸೆದು ನಿಂತಿತು. ಸುಟ್ಟ ವಾಸನೆ. ಮೌನ. ಆಮೇಲೆ ಎಲ್ಲರೂ ಒಮ್ಮೆಲೇ ಮಾತಾಡುತ್ತಾರೆ.

ಅರ್ಧ ಮೈಲಿ ಹಳಿ, ಎರಡು ನಿಮಿಷವೂ ಆಗಿಲ್ಲ.

"ಅಮ್ಮಮ್ಮ" ಹುಡುಗಿ ನನ್ನನ್ನೇ ನೋಡುತ್ತಿದ್ದಾಳೆ. ಅವಳ ಕಣ್ಣು ದೊಡ್ಡದಾಗಿವೆ. "ನೀನು ಅಜ್ಜನ ಹೆಸರು ಕೂಗಿದೆ!"

ನೀವು ಹಿಂದಿದ್ದಿರಿ, ನಿಮಗೂ ಕೇಳಿಸಿರಬೇಕು. ಕೇಳಿಸಿಕೊಂಡಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದು ಸಲ. ಮದುವೆಮನೆಯಲ್ಲಿ, ನಾದಿನಿಯರು ಬಿಡದೆ ಕಾಡಿದಾಗ, ಒಂದು ಒಗಟಿನ ಕೊನೆಗೆ ಪಿಸುಗುಟ್ಟಿದ್ದು. ಆಮೇಲೆ ಅವರು 'ಇವರು', 'ನಮ್ಮನೆಯವರು', 'ಹೋಯ್', 'ಕೇಳಿಸ್ತಾ'. ಅವರು ಹೋದ ಮೇಲೆ ಆ ಹೆಸರನ್ನು ಬರೆದದ್ದಕ್ಕೆ ಲೆಕ್ಕವಿಲ್ಲ. ಬ್ಯಾಂಕಿನಲ್ಲಿ ಬರೆದೆ, ಸೊಸೈಟಿಯಲ್ಲಿ ಬರೆದೆ, ಪಹಣಿ ಬದಲಾವಣೆಯ ಅರ್ಜಿಯಲ್ಲಿ 'ಮೃತ' ಎಂಬ ಮಾತಿನ ಪಕ್ಕ ಬರೆದೆ. ಕಚೇರಿಯವರು ಬಾಯಲ್ಲಿ ಕೇಳಿದಾಗ ಮೈದುನನ ಮಗ ಹೇಳುತ್ತಿದ್ದ. ಆ ಹೆಸರಿಗೆ ನನ್ನ ದನಿ ಸೇರಿದ್ದು ಎಲ್ಲಿ ನೋಡಿ. ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಅಪರಿಚಿತರ ನಡುವೆ, ಕಾಲ ಕೆಳಗೆ ನೆಲವಿಲ್ಲದಾಗ.

ಸರಳು ಮೇಲೆದ್ದಿದೆ. ನಿಧಾನ, ಗೋಡೆ ಹಿಡಿದುಕೊಂಡು ಇಳಿಯಿರಿ. ಮಂಡಿ ನೀರಾಗಿದೆ, ಆದರೆ ನೋವಿಲ್ಲ. ಹೊರಗೆ ಬಿಸಿಲು. ಮಗಳು ಮಗುವನ್ನು ಎದೆಗೊತ್ತಿಕೊಂಡು ಓಡಿಬರುತ್ತಿದ್ದಾಳೆ. ನನ್ನ ಮುಖ ನೋಡಿ ನಿಂತಳು. ಕೂದಲು ಬಿಚ್ಚಿಹೋಗಿದೆ, ಕೆನ್ನೆಯಲ್ಲಿ ನೀರು, ಬಾಯಿ ಮುಚ್ಚಲಾಗದಂಥ ನಗು. ಅವಳಿಗೆ ಯಾವುದನ್ನು ನಂಬಬೇಕೆಂದು ತಿಳಿಯುತ್ತಿಲ್ಲ.

"ಅಮ್ಮಮ್ಮ ಅಜ್ಜನ ಕರೆದಳು" ಎಂದು ಹುಡುಗಿ ವರದಿ ಒಪ್ಪಿಸಿಯೇಬಿಟ್ಟಳು.

ಮರಳಿನ ಕಡೆಗೆ ಮುಖ ಮಾಡಿದ ಬೆಂಚು ಸಿಕ್ಕಿತು. ಅಳಿಯ ಮಗುವನ್ನು ಎತ್ತಿಕೊಂಡು, ಹುಡುಗಿಯನ್ನು ಕರೆದುಕೊಂಡು ಮುಂದೆ ಹೋದ. ಅವನಿಗೆ ಇಂಥವು ಹೇಳದೆ ತಿಳಿಯುತ್ತವೆ, ಒಳ್ಳೆಯ ಹುಡುಗ. ಮಗಳು ಪಕ್ಕದಲ್ಲಿ ಕೂತಳು. ನಾಲ್ಕು ತಿಂಗಳಿನಿಂದ ಒಂದೇ ಮನೆಯಲ್ಲಿದ್ದೇವೆ. ಬಾಣಂತಿಯ ಲೇಹ್ಯ, ಮಗುವಿನ ಎಣ್ಣೆನೀರು, ತಂಬಳಿಗೆ ಸೊಪ್ಪು ಎಲ್ಲಿ ಸಿಗುತ್ತದೆ ಎಂಬುದು, ಎಲ್ಲ ಮಾತಾಡಿದ್ದೇವೆ. ಅವರ ಮಾತು ಬಂದಲ್ಲಿ ಇಬ್ಬರೂ ದಾಟಿಕೊಂಡು ಹೋಗಿದ್ದೇವೆ. ನಾನು ಅಳುತ್ತೇನೆಂದು ಅವಳು, ಅವಳು ಅಳುತ್ತಾಳೆಂದು ನಾನು.

"ಆಯಿ, ಆ ದಿನ ಎಂತ ಆತು? ಸರಿಯಾಗಿ ಹೇಳೇ" ಎಂದಳು. ಕಡಲನ್ನೇ ನೋಡುತ್ತಿದ್ದಳು. "ನಂಗೆ ಮುಖವೂ ನೋಡೂಲೆ ಸಿಕ್ಕಿದ್ದಿಲ್ಲೆ."

ಹೇಳಿದೆ. ತೋಟದಿಂದ ಬಂದದ್ದರಿಂದ ಶುರುಮಾಡಿ ಹೇಳಿದೆ. ಜಗಲಿಯಲ್ಲಿ ಕೂತು ನೀರು ಕೇಳಿದ್ದು, ಚೊಂಬು ಹಿಡಿದ ಕೈ ನಡುಗಿದ್ದು, ಕಾರಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು "ಮಗಳಿಗೆ ಈಗಲೇ ಹೇಳಡ, ಅಲ್ಲಿ ನಡುರಾತ್ರಿ" ಎಂದದ್ದು. ಅವರ ಕೊನೆಯ ಮಾತು ಅದೇ. ಇಷ್ಟು ದಿನ ಅವಳಿಗೆ ಅದನ್ನು ಕೊಟ್ಟಿರಲಿಲ್ಲ. ಅದು ಅವಳಿಗೆ ಸೇರಬೇಕಾದ ಮಾತಾಗಿತ್ತು. ಅವಳು ನನ್ನ ಮಡಿಲಿಗೆ ಮುಖವಿಟ್ಟಳು. ಬೆನ್ನು ಸವರುತ್ತ ಕೂತೆ. ನಾನೂ ಅತ್ತೆ, ದನಿ ತೆಗೆದೇ ಅತ್ತೆ. ತಲೆಯ ಮೇಲೆ ನಿಮಿಷಕ್ಕೊಮ್ಮೆ ಜೈಂಟ್ ಡಿಪ್ಪರಿನಿಂದ ಇಳಿಯುವವರ ಕಿರುಚು. ಅಲ್ಲಿ ಯಾರ ಅಳು ಯಾರಿಗೂ ಕೇಳುವುದಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಅಳುವುದಕ್ಕೆ ಅಷ್ಟು ಒಳ್ಳೆಯ ಜಾಗ ನನಗೆ ಊರಿನಲ್ಲಿ ಸಿಕ್ಕಿರಲಿಲ್ಲ.

ಆಮೇಲೆ ಹಸಿವಾಯಿತು. ಕಾಗದದ ತಟ್ಟೆಯಲ್ಲಿ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಹೋಳುಗಳನ್ನು ಇಬ್ಬರೂ ಬೆರಳಲ್ಲೇ ತಿಂದೆವು, ಉಪ್ಪು ನೆಕ್ಕಿಕೊಂಡು.

ಹುಡುಗಿ ಕುದುರೆಚಕ್ರದ ಹತ್ತಿರ ಸಿಕ್ಕಳು. ಇದು ಕೋಸ್ಟರಿಗಿಂತಲೂ ಹಳೆಯದು, 1911ರದ್ದು. ಕೋಸ್ಟರ್ ಕಟ್ಟಿಸಿದ ಆರ್ಥರರ ಅಪ್ಪ ಚಾರ್ಲ್ಸ್ ಲೂಫ್ ಮಾಡಿಸಿದ್ದು. ಮರದಲ್ಲಿ ಕೆತ್ತಿದ ಕುದುರೆಗಳು, ಅವುಗಳ ಕಣ್ಣಿಗೆ ಜೀವವಿದೆ. ನಾನು ಹೊರಸಾಲಿನ ಕುದುರೆ ಆರಿಸಿಕೊಂಡೆ. ಅಲ್ಲಿ ಕೂತವರು ಚಕ್ರ ತಿರುಗುವಾಗ ಕೈಚಾಚಿ, ಗೋಡೆಯಿಂದ ಹೊರಟ ಕೊಳವೆಯ ತುದಿಯಿಂದ ಒಂದು ಉಕ್ಕಿನ ಬಳೆ ಕಿತ್ತುಕೊಳ್ಳಬೇಕು. ಕಿತ್ತು ಎದುರಿನ ದೊಡ್ಡ ವಿದೂಷಕನ ಬಾಯಿಗೆ ಎಸೆಯಬೇಕು. ಮೊದಲ ಸುತ್ತಿನಲ್ಲಿ ಬಳೆ ಸಿಗಲಿಲ್ಲ. ಎರಡನೇ ಸುತ್ತಿನಲ್ಲಿ ಬೆರಳಿಗೆ ತಾಗಿತು, ಬಂತು, ತಣ್ಣಗೆ. ಎಸೆದೆ, ಹೊರಗೆ ಬಿತ್ತು. ಮೂರನೆಯದೂ ಬಿತ್ತು. ನಾಲ್ಕನೆಯ ಸುತ್ತಿನಲ್ಲಿ ರೆಕಾಪಿನ ಮೇಲೆ ಎದ್ದು ನಿಂತು, ಹಿತ್ತಲ ಮಾವಿನಮರಕ್ಕೆ ಕಲ್ಲು ಬೀರುತ್ತಿದ್ದ ಹುಡುಗಿಯಂತೆ ಭುಜದಿಂದ ಬೀಸಿದೆ. ನೇರ ಬಾಯಿಗೆ. ದೀಪಗಳೆಲ್ಲ ಹತ್ತಿದವು, ಗಂಟೆ ಹೊಡೆಯಿತು. ಮೊಮ್ಮಗಳು ತನ್ನ ಕುದುರೆಯ ಮೇಲೆ ಕುಣಿದಳು.

ನಾಳೆ ಬೆಳಗ್ಗೆ ದವಡೆ ಮತ್ತೆ ನೋಯಬಹುದು. ಇನ್ನೆರಡು ತಿಂಗಳಿಗೆ ಊರು ಸೇರಿ ಬೀಗ ತೆಗೆದಾಗ ಜಗಲಿಯ ಕುರ್ಚಿ ಖಾಲಿಯೇ ಇರುತ್ತದೆ. ಅದು ನನಗೆ ಗೊತ್ತಿದೆ. ಆದರೆ ಆ ಹೆಸರು ಈಗ ನನ್ನ ಬಾಯಲ್ಲಿದೆ. ಖಾಲಿ ಮನೆಯಲ್ಲಿ ಕೂಗಿ ನೋಡಲು ಸಾಕಾಗುತ್ತದೆ.

"ಹೋಪನ ಅಮ್ಮಮ್ಮ? ಇನ್ನೊಂದ್ಸಲ?"

ಎರಡನೇ ಸಲ ನಾವು ಕೂತದ್ದು ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ. ಈ ಸಲ ಹುಡುಗಿಯೂ ನನ್ನ ಜೊತೆ ಸೇರಿ ಅಜ್ಜನ ಹೆಸರನ್ನೇ ಕೂಗಿದಳು.

ಮುಂದಿನ ಮಾರಿಜಾತ್ರೆಗೆ ನಾನು ಶಿರಸಿಯಲ್ಲೇ ಇರುತ್ತೇನೆ. ತೊಟ್ಟಿಲು ಹತ್ತುತ್ತೇನೆ. ಪಕ್ಕದ ಸೀಟಿಗೆ ಜನ ಬೇಕು, ನೀವು ಬನ್ನಿ.